ಕಾಲೇಜಿಗೆ ಹೊರಟವರೊಡನೆ ಕೆಲವು ಮಾತು

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಿಂದ ಪದವಿ ತರಗತಿಗಳಿಗೆ ಸೇರಲಿರುವ ವಿದ್ಯಾರ್ಥಿಗಳು ಹಾಗೂ ಅವರ ತಂದೆತಾಯಿಗಳ ಮುಂದೆ ಮಾಡಿದ ಭಾಷಣ)



ಪಿ.ಯು.ಸಿ. ಫಲಿತಾಂಶ ಬಂದ ಮೇಲೆ ನಮ್ಮ ಹಳ್ಳಿಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು, "ಹುಡುಗ ಬುದ್ಧಿವಂತ, ಸಾಲಸೋಲ ಮಾಡಿಯಾದರೂ ಓದಿಸಿಬಿಡೋಣ" ಎಂಬುದು. ಇನ್ನೊಂದು, "ಕಾಲೇಜೆಲ್ಲ ದುಡ್ಡಿದ್ದವರಿಗೆ, ನಮ್ಮಂಥವರಿಗೆ ಏತಕ್ಕೆ?" ಎಂಬುದು. ಎರಡೂ ಲೆಕ್ಕ ಹಾಕದೆ ಆಡಿದ ಮಾತುಗಳು. ಮೊದಲನೆಯದರಿಂದ ಹೊಲ ಅಡಮಾನಕ್ಕೆ ಹೋಗುತ್ತದೆ. ಎರಡನೆಯದರಿಂದ ಮಗುವಿನ ಮುಂದಿನ ಬಾಳೇ ಅಡಮಾನಕ್ಕೆ ಹೋಗುತ್ತದೆ. ಆದುದರಿಂದ ನಾವು ಇಂದು ಮೂರನೆಯ ಮಾತೊಂದನ್ನು ಹೇಳಬಯಸುತ್ತೇವೆ. ಸೇರುವ ಮುನ್ನ ಪೂರ್ತಿ ಲೆಕ್ಕ ತಿಳಿಯಿರಿ. ತಿಳಿದು, ಧೈರ್ಯವಾಗಿ ಸೇರಿರಿ.

ಕಾಲೇಜಿನ ಶುಲ್ಕವೆಂಬುದು ಬಹುಮಟ್ಟಿಗೆ ಖರ್ಚಿನ ಚಿಕ್ಕ ಭಾಗ. ದೊಡ್ಡ ಭಾಗ ಯಾವ ರಸೀತಿಯಲ್ಲಿಯೂ ಬರುವುದಿಲ್ಲ. ಹಾಗೆಯೇ ಸರ್ಕಾರ ಕೊಡಬೇಕಾದ ನೆರವು ಕಾಗದದ ಮೇಲೆ ಇದ್ದರೂ ತಾನಾಗಿ ಮನೆ ಬಾಗಿಲಿಗೆ ನಡೆದು ಬರುವುದಿಲ್ಲ. ಇವೆರಡನ್ನೂ ಮೊದಲೇ ತಿಳಿದ ಮನೆಯ ಮಗು ಓದು ಮುಗಿಸುತ್ತದೆ. ತಿಳಿಯದ ಮನೆಯ ಮಗು, ಅಷ್ಟೇ ಬುದ್ಧಿಯಿದ್ದರೂ, ಎರಡನೆಯ ವರ್ಷದಲ್ಲಿ ಪೆಟ್ಟಿಗೆ ಹೊತ್ತು ಊರಿಗೆ ಹಿಂದಿರುಗುತ್ತದೆ.

ನಮ್ಮ ಸೀಮೆಗೂ ವಿಶ್ವವಿದ್ಯಾನಿಲಯಕ್ಕೂ ಸಂಬಂಧ ಹೊಸದಲ್ಲ

ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದುದು 1916ರ ಜುಲೈ 27ರಂದು. ಆಗ ಇದ್ದುದು ಮುಖ್ಯವಾಗಿ ಮೈಸೂರಿನ ಮಹಾರಾಜಾ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ. ಎಂ. ಶ್ರೀಕಂಠಯ್ಯನವರು ಆ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಕಲಿಸುತ್ತಲೇ ಕನ್ನಡಕ್ಕೆ ಸ್ಥಾನ ದೊರಕಿಸಲು ಶ್ರಮಿಸಿದರು. 1927ರಲ್ಲಿ ಅಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಮೇಲುಕೋಟೆಯ ಪು. ತಿ. ನರಸಿಂಹಾಚಾರ್, ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾವ್ ಇವರೂ ನಮ್ಮ ನೆಲದಿಂದ ಹೋಗಿ ಓದಿದವರೇ.

ಆದರೆ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರನ್ನೂ ನೆನೆಯಬೇಕು. ಅವರು ಬಿ.ಎ. ಪೂರೈಸಲಾಗದೆ ನೌಕರಿ ಹಿಡಿದವರು. ಪದವಿಯಿಲ್ಲದೆಯೂ ಅವರು ನಾಡಿನ ಕವಿಯಾದರು ಎಂದು ನಾವು ಹೆಮ್ಮೆಪಡಬಹುದು. ಆದರೆ ಓದು ನಡುವೆ ನಿಂತ ಪ್ರತಿಯೊಬ್ಬನೂ ಕವಿಯಾಗಲಾರ. ಬಹುಮಂದಿ ಪೀಣ್ಯದ ಕಾರ್ಖಾನೆಯ ದಿನಗೂಲಿಗೋ ಬೆಂಗಳೂರಿನ ಕಾವಲುಗಾರನ ಕೆಲಸಕ್ಕೋ ಹೋಗುತ್ತಾರೆ, ಅಷ್ಟೆ.

ಆ ದಿನಗಳಲ್ಲಿ ಹಳ್ಳಿಯ ಬಡ ಹುಡುಗನಿಗೆ ಇದ್ದ ದಾರಿ ಎರಡೇ. ಕೆಲವರಿಗೆ ವಾರಾನ್ನ, ಎಂದರೆ ದಿನಕ್ಕೊಂದು ಮನೆಯಲ್ಲಿ ಊಟ. ಅದು ಯಾರ ಜಾತಿಯ ಮನೆಗಳು ಪೇಟೆಯಲ್ಲಿದ್ದುವೋ ಅವರಿಗೆ ಮಾತ್ರ. ಮಿಕ್ಕವರಿಗೆ ಸಮುದಾಯದವರೋ ಮಠದವರೋ ನಡೆಸುತ್ತಿದ್ದ ವಿದ್ಯಾರ್ಥಿನಿಲಯ. 1918ರಲ್ಲಿ ಮೈಸೂರು ಸಂಸ್ಥಾನದಲ್ಲಿ ನೇಮಕವಾದ ಮಿಲ್ಲರ್ ಸಮಿತಿಯಿಂದ ಮೊದಲುಗೊಂಡು, 1970ರ ದಶಕದ ಹಾವನೂರು ಆಯೋಗದವರೆಗೆ, ಹಿಂದುಳಿದವರಿಗೆ ಓದು ಮತ್ತು ಉದ್ಯೋಗದಲ್ಲಿ ಪಾಲು ಬೇಕೆಂಬ ಮಾತು ಕಾನೂನಿನ ರೂಪಕ್ಕೆ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಇಂದಿನ ವಿದ್ಯಾರ್ಥಿವೇತನ, ಸರ್ಕಾರಿ ವಿದ್ಯಾರ್ಥಿನಿಲಯ, ಮೀಸಲಾತಿ ಇವು ಯಾರೂ ದಯೆಯಿಂದ ಎಸೆದ ತುಣುಕುಗಳಲ್ಲ. ಕೇಳಿ, ಹೋರಾಡಿ ಪಡೆದವು. ಅರ್ಜಿ ಹಿಡಿದು ನಿಲ್ಲುವಾಗ ತಲೆ ತಗ್ಗಿಸಬೇಕಾಗಿಲ್ಲ.

ಯಾವ ಕಾಲೇಜು? ಯಾರ ಪದವಿ?

ನಮ್ಮ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಬಿ.ಎ., ಬಿ.ಕಾಂ. ಓದಲು ಮೈಸೂರಿಗೇ ಹೋಗಬೇಕೆಂಬ ನಿಯಮವೇನೂ ಇಲ್ಲ. ಮಂಡ್ಯದಲ್ಲಿ 1962ರಲ್ಲಿ ಕೆ. ವಿ. ಶಂಕರಗೌಡರು ಮೊದಲಾದವರ ಶ್ರಮದಿಂದ ಎದ್ದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜಿದೆ, 2006ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಸಂಸ್ಥೆಯಿದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಮಠದ ವೈದ್ಯಕೀಯ ಕಾಲೇಜು ಮತ್ತು ಖಾಸಗಿ ವಿಶ್ವವಿದ್ಯಾನಿಲಯವಿದೆ. ಆಯ್ಕೆಗೆ ಕೊರತೆಯಿಲ್ಲ. ಕೊರತೆಯಿರುವುದು ಸೇರುವ ಮುನ್ನ ಪ್ರಶ್ನೆ ಕೇಳುವ ಅಭ್ಯಾಸಕ್ಕೆ.

ಮೊದಲನೆಯ ಪ್ರಶ್ನೆ: ನಮ್ಮ ಪದವಿಪತ್ರದ ಮೇಲೆ ಯಾವ ವಿಶ್ವವಿದ್ಯಾನಿಲಯದ ಹೆಸರು ಬರುತ್ತದೆ? ನಮ್ಮ ಜಿಲ್ಲೆಯಲ್ಲಿ ಇದು ಹಗುರವಾದ ಪ್ರಶ್ನೆಯಲ್ಲ. ಮಂಡ್ಯದ ಹಳೆಯ ಸರ್ಕಾರಿ ಕಾಲೇಜು ಮಂಡ್ಯ ವಿಶ್ವವಿದ್ಯಾನಿಲಯವಾಯಿತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು ರಾಜ್ಯದ ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳನ್ನು ಹಣದ ಕೊರತೆಯ ಕಾರಣದಿಂದ ನಿಲ್ಲಿಸಿ ಹಳೆಯವುಗಳೊಡನೆ ಸೇರಿಸಬಹುದೆಂದು ಸಲಹೆ ಮಾಡಿತು. ಅದರಲ್ಲಿ ಮಂಡ್ಯದ ಹೆಸರೂ ಇತ್ತು. ಆದುದರಿಂದ ಸೇರುವ ದಿನ ಯಾರ ಅಧೀನದಲ್ಲಿ ಸೇರುತ್ತಿದ್ದೇವೆ ಎಂಬುದನ್ನು ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಎರಡನೆಯ ಪ್ರಶ್ನೆ: ಎಷ್ಟು ವರ್ಷ, ಯಾವ ಪಠ್ಯಕ್ರಮ? 2021-22ರಲ್ಲಿ ಕರ್ನಾಟಕ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿಯನ್ನು ತಂದಿತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಹಿಂದಿರುಗಿತು. ಒಂದೇ ಮನೆಯಲ್ಲಿ ಅಣ್ಣನಿಗೆ ಒಂದು ನಿಯಮ, ತಂಗಿಗೆ ಇನ್ನೊಂದು. ಅಣ್ಣನ ಹಳೆಯ ಪುಸ್ತಕ, ಅಣ್ಣನ ಅನುಭವ ಇವು ಪ್ರೀತಿಯಿಂದ ಕೊಟ್ಟವೇ ಇರಬಹುದು, ಆದರೆ ನಿಮ್ಮ ವರ್ಷದ ಪಠ್ಯಕ್ರಮವನ್ನು ನೀವೇ ಪಡೆದು ನೋಡಬೇಕು.

ಮೂರನೆಯ ಪ್ರಶ್ನೆ: ಈ ವ್ಯಾಸಂಗಕ್ಕೆ ಮಾನ್ಯತೆ ಇದೆಯೇ? ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾಯಿತು. ದುಡಿದುಕೊಂಡೇ ಓದುವವರಿಗೆ ಅದೊಂದು ಆಸರೆ. ಆದರೂ 2013-14ರಿಂದ ಕೆಲವು ವರ್ಷ ಅದಕ್ಕೆ ಯು.ಜಿ.ಸಿ. ಮಾನ್ಯತೆ ಇಲ್ಲವಾಗಿ, 2018ರಲ್ಲಿ ಮರಳಿ ದೊರೆಯಿತು. ನಡುವೆ ಪೇಚಿಗೆ ಸಿಕ್ಕಿದವರು ವಿದ್ಯಾರ್ಥಿಗಳು. ಸರ್ಕಾರಿ ಸಂಸ್ಥೆಗೇ ಹೀಗಾಗಬಹುದಾದರೆ, ಬಸ್ಸಿನ ಹಿಂದೆ ಜಾಹೀರಾತು ಅಂಟಿಸುವವರ ಮಾತನ್ನು ಎಷ್ಟು ಪರೀಕ್ಷಿಸಬೇಕು ಯೋಚಿಸಿರಿ.

ರಸೀತಿಯಲ್ಲಿ ಬಾರದ ಖರ್ಚು

ಈಗ ಲೆಕ್ಕಕ್ಕೆ ಬರೋಣ. ಶ್ರೀರಂಗಪಟ್ಟಣದಿಂದ ಮೈಸೂರಿಗೆ ಹದಿನೈದು ಕಿಲೋಮೀಟರ್ ಆಸುಪಾಸು. ಅಲ್ಲಿಯ ಹುಡುಗ ಬೆಳಿಗ್ಗೆ ಹೋಗಿ ಸಂಜೆ ಮನೆಯ ಮುದ್ದೆ ಉಣ್ಣಬಹುದು. ಪಾಂಡವಪುರದವನೂ ಕಷ್ಟಪಟ್ಟು ಹೋಗಿಬರಬಹುದು. ಆದರೆ ಕೃಷ್ಣರಾಜಪೇಟೆಯ ಅಥವಾ ನಾಗಮಂಗಲದ ಒಳಹಳ್ಳಿಯ ಹುಡುಗನಿಗೆ ಅದು ಆಗದು. ಅವನು ರೂಮು ಮಾಡಲೇಬೇಕು. ಒಂದೇ ಕಾಲೇಜು, ಒಂದೇ ಶುಲ್ಕ; ಆದರೆ ಹುಟ್ಟಿದ ಊರಿನ ದೂರವೇ ಒಬ್ಬನ ಮೇಲೆ ಬೇರೆ ತೆರಿಗೆಯಾಗಿ ಬೀಳುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳಿ. ಇಬ್ಬರು ಹಂಚಿಕೊಂಡ ರೂಮಿನ ಬಾಡಿಗೆಯಲ್ಲಿ ನಿಮ್ಮ ಪಾಲು ತಿಂಗಳಿಗೆ 2,500 ರೂ., ಊಟ ತಿಂಡಿಗೆ 3,000 ರೂ. ಎನ್ನೋಣ. ಹತ್ತು ತಿಂಗಳಿಗೆ 55,000 ರೂ. ಮೂರು ವರ್ಷಕ್ಕೆ 1,65,000 ರೂ. ಇದರ ಮೇಲೆ ರೂಮಿನ ಮುಂಗಡ, ಪುಸ್ತಕ, ಜೆರಾಕ್ಸ್, ಪರೀಕ್ಷಾ ಶುಲ್ಕ, ಫೋನಿನ ಕರೆನ್ಸಿ. ಇವು ನಮ್ಮ ಉದಾಹರಣೆಯ ಅಂಕಿಗಳು. ನೀವು ನಿಮ್ಮ ಅಂಕಿಗಳನ್ನು ಹಾಕಿ ಗುಣಿಸಿರಿ. ಇನ್ನೂ ಒಂದು ಖರ್ಚಿದೆ, ಅದನ್ನು ಯಾರೂ ಬರೆಯುವುದಿಲ್ಲ: ಮನೆಯಲ್ಲಿ ಹಾಲು ಕರೆದು ಡೇರಿಗೆ ಹಾಕುತ್ತಿದ್ದ, ಗದ್ದೆಗೆ ನೀರು ಕಟ್ಟುತ್ತಿದ್ದ ಒಂದು ಜೊತೆ ಕೈ ಕಡಮೆಯಾಗುತ್ತದೆ. ಆ ಕೆಲಸಕ್ಕೆ ಈಗ ಆಳು ಕರೆಯಬೇಕು.

ಈ ಲೆಕ್ಕ ಹೇಳಿ ನಿಮ್ಮನ್ನು ಹೆದರಿಸುವುದು ನಮ್ಮ ಉದ್ದೇಶವಲ್ಲ. ಮೈಸೂರಿನಲ್ಲಿ ಮಾತ್ರ ದೊರೆಯುವ ವಿಷಯವನ್ನು ಓದಬೇಕೆಂದಿದ್ದರೆ ಧಾರಾಳವಾಗಿ ಹೋಗಿರಿ. ಆದರೆ ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿರುವ ಬಿ.ಕಾಂ. ಪದವಿಗೆ, ಕೇವಲ ಹೆಸರಿನ ಆಸೆಯಿಂದ ಒಂದೂವರೆ ಲಕ್ಷ ಹೆಚ್ಚಿಗೆ ತೆರುವ ಮುನ್ನ ಒಮ್ಮೆ ಯೋಚಿಸಿರಿ.

ಇಂಜಿನಿಯರಿಂಗ್ ಮೊದಲಾದ ವೃತ್ತಿ ಶಿಕ್ಷಣದಲ್ಲಿ ಸಿ.ಇ.ಟಿ. ಮೂಲಕ ಬರುವ ಸೀಟಿಗೂ ಆಡಳಿತ ಮಂಡಳಿಯ ಸೀಟಿಗೂ ಅಜಗಜಾಂತರ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿ.ಇ.ಟಿ.ಯಲ್ಲಿ ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆ ಮೀಸಲು ಉಂಟು. ಇವೆರಡಕ್ಕೂ ಶಾಲೆಯ ಮುಖ್ಯೋಪಾಧ್ಯಾಯರಿಂದ ಬರೆಸಿ ಬಿ.ಇ.ಓ. ಕಚೇರಿಯ ಮೇಲುಸಹಿ ಮಾಡಿಸಿದ ಪತ್ರ ಬೇಕು. ಪತ್ರವಿಲ್ಲದವನಿಗೆ ಮೀಸಲೂ ಇಲ್ಲ. ವಂತಿಗೆ ಕೇಳುವುದನ್ನು ಕರ್ನಾಟಕದ 1984ರ ಕಾನೂನೇ ನಿಷೇಧಿಸಿದೆ. ರಸೀತಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಕಟ್ಟುವ ಕಾಲ ಬೇರೆ, ಕೈಗೆ ಬರುವ ಕಾಲ ಬೇರೆ

ರೈತನ ಮನೆಯ ತೊಂದರೆ ಹಣವಿಲ್ಲದ್ದೊಂದೇ ಅಲ್ಲ. ಹಣ ಬೇಕಾದಾಗ ಇರದಿರುವುದೂ ಹೌದು. ಕಾಲೇಜುಗಳು ಶುಲ್ಕ ಕೇಳುವುದು ಮುಂಗಾರಿನ ಹೊತ್ತಿಗೆ, ಎಂದರೆ ಬೀಜ ಗೊಬ್ಬರಕ್ಕೂ ಹಣ ಬೇಕಾದ ಸಮಯಕ್ಕೆ. ನಾಗಮಂಗಲದ ರಾಗಿ ಕಣಕ್ಕೆ ಬರುವುದು ಆ ಮೇಲೆ ಎಷ್ಟೋ ತಿಂಗಳಿಗೆ. ನಾಲೆ ಬಯಲಿನ ಕಬ್ಬಿನ ಹಣವಂತೂ ಕಾರ್ಖಾನೆಯ ಮರ್ಜಿ. 1966ರ ಕಬ್ಬು ನಿಯಂತ್ರಣ ಆಜ್ಞೆಯ ಪ್ರಕಾರ ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಕೊಡತಕ್ಕದ್ದು. ಆ ಹಣ ಎಷ್ಟು ದಿನಕ್ಕೆ ಬರುತ್ತದೆಂಬುದು ಬೆಳೆದವರಿಗೆಲ್ಲ ಗೊತ್ತು. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ನಿಂತು, 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋಯಿತು. ಕಾರ್ಖಾನೆ ನಿಂತ ವರ್ಷ ನಿಂತದ್ದು ಗಾಣ ಮಾತ್ರವೇ? ಎಷ್ಟು ಮನೆಗಳ ಓದೂ ನಿಂತಿರಬಹುದು!

ಈ ಬಿಕ್ಕಟ್ಟಿನಲ್ಲಿ ವಾರದ ಕಂತಿನ ಫೈನಾನ್ಸ್ ಸಾಲ ತಂದು ಶುಲ್ಕ ಕಟ್ಟುವವರಿದ್ದಾರೆ. ಮೂರು ವರ್ಷಕ್ಕೆ ಫಲ ಕೊಡುವ ಮರಕ್ಕೆ ಮುಂದಿನ ವಾರವೇ ಕಂತು ಕಟ್ಟಬೇಕಾದ ಸಾಲ ತಂದರೆ ಹೇಗೆ? ಸಾಲ ಮಾಡಲೇಬೇಕಾದರೆ ಬ್ಯಾಂಕಿನ ಶಿಕ್ಷಣ ಸಾಲ ಕೇಳಿರಿ. ಬ್ಯಾಂಕುಗಳ ಮಾದರಿ ಯೋಜನೆಯಂತೆ 4 ಲಕ್ಷ ರೂ.ವರೆಗಿನ ಸಾಲಕ್ಕೆ ಆಸ್ತಿಯ ಭದ್ರತೆ ಬೇಕಿಲ್ಲ. ತಂದೆ ಅಥವಾ ತಾಯಿ ಜೊತೆಸಾಲಗಾರರಾಗಿ ಸಹಿ ಹಾಕಬೇಕು. ಅಸಲಿನ ಕಂತು ಓದು ಮುಗಿದ ಮೇಲೆ ಆರಂಭ. ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ ಎಂಬುದನ್ನು ಮರೆಯಬಾರದು. ಮ್ಯಾನೇಜರು ಹೊಲದ ಪತ್ರ ಕೇಳಿದರೆ ಯಾವ ನಿಯಮದ ಮೇರೆಗೆಂದು ಬರಹದಲ್ಲಿ ಕೇಳಿರಿ.

ಅವಸರದಲ್ಲಿ ಒಂದು ಕಡೆ ಸೇರಿ, ಆಮೇಲೆ ಒಳ್ಳೆಯ ಸೀಟು ಬಂದು ಬಿಟ್ಟು ಹೋಗಬೇಕಾದವರಿಗೆ ಇನ್ನೊಂದು ವಿಷಯ. ಯು.ಜಿ.ಸಿ. 2018ರಲ್ಲಿ ಶುಲ್ಕ ಹಿಂದಿರುಗಿಸುವ ನಿಯಮ ಮಾಡಿತು. ಅದರಂತೆ ಪ್ರವೇಶದ ಕಡೆಯ ದಿನಕ್ಕೆ 15 ದಿನ ಮೊದಲು ಬಿಟ್ಟರೆ ಅಲ್ಪ ಕಡಿತ ಹೊರತು ಪೂರ್ತಿ, ಕಡೆಯ ದಿನದ ಹಿಂದಿನ 15 ದಿನದೊಳಗಾದರೆ ನೂರಕ್ಕೆ 90, ನಂತರದ 15 ದಿನದೊಳಗೆ 80, ಮೂವತ್ತು ದಿನದೊಳಗೆ 50. ಆ ಮೇಲೆ ಏನೂ ಇಲ್ಲ. ಮೂಲ ಅಂಕಪಟ್ಟಿಗಳನ್ನು ಕಾಲೇಜು ಒತ್ತೆಯಾಗಿ ಇಟ್ಟುಕೊಳ್ಳುವಂತಿಲ್ಲವೆಂದೂ ಅದೇ ನಿಯಮ ಹೇಳಿತು. ಹಾಗಾಗಿ ಬಿಡುವುದಾದರೆ ತಡಮಾಡದೆ ಬರಹದಲ್ಲಿ ಅರ್ಜಿ ಕೊಟ್ಟು, ಕೊಟ್ಟ ದಿನಾಂಕಕ್ಕೆ ಸ್ವೀಕೃತಿ ಪಡೆಯಿರಿ.

ಹಕ್ಕಿನ ಹಣ ಮತ್ತು ಅದರ ಕಾಗದಗಳು

ವಿದ್ಯಾರ್ಥಿವೇತನಗಳಿಗೆ ರಾಜ್ಯದ ಎಸ್.ಎಸ್.ಪಿ. ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಬೇಕು. ಹಿಂದುಳಿದ ವರ್ಗದ, ವಿದ್ಯಾರ್ಥಿನಿಲಯದಲ್ಲಿ ಜಾಗ ಸಿಗದ ಮಕ್ಕಳಿಗೆಂದು 2013-14ರಲ್ಲಿ ವಿದ್ಯಾಸಿರಿ ಯೋಜನೆ ಆರಂಭವಾಯಿತು. ಆಗ ಗೊತ್ತುಮಾಡಿದ್ದು ತಿಂಗಳಿಗೆ 1,500 ರೂ.ನಂತೆ ಹತ್ತು ತಿಂಗಳಿಗೆ 15,000 ರೂ. ನಮ್ಮ ಉದಾಹರಣೆಯ 55,000ದ ಮುಂದೆ ಅದನ್ನಿಟ್ಟು ನೋಡಿರಿ. ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಸಾಲದು, ಆದರೆ ಬಿಡುವಂಥದ್ದೂ ಅಲ್ಲ. ವಿದ್ಯಾರ್ಥಿನಿಲಯದ ಸೀಟು ದೊರೆತರೆ ಅದೇ ಎಲ್ಲಕ್ಕಿಂತ ದೊಡ್ಡ ವಿದ್ಯಾರ್ಥಿವೇತನ. ರೂಮು ಊಟ ಎರಡೂ ಅಲ್ಲಿಯೇ ಆಯಿತು. ಆದುದರಿಂದ ಕಾಲೇಜಿನ ಅರ್ಜಿಯ ಜೊತೆಯಲ್ಲಿಯೇ ಹಿಂದುಳಿದ ವರ್ಗಗಳ ಅಥವಾ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಕ್ಕೂ ಅರ್ಜಿ ಹಾಕಿರಿ.

ರೈತರ ಮಕ್ಕಳಿಗೆಂದು 2021ರಲ್ಲಿ ರೈತ ವಿದ್ಯಾನಿಧಿ ಆರಂಭವಾದಾಗ ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಓದುವ ಹುಡುಗರಿಗೆ ವರ್ಷಕ್ಕೆ 5,000 ರೂ., ಹುಡುಗಿಯರಿಗೆ 5,500 ರೂ. ಗೊತ್ತುಮಾಡಿದ್ದರು. ಅದಕ್ಕೆ ತಂದೆ ಅಥವಾ ತಾಯಿ ಕೃಷಿ ಇಲಾಖೆಯ ಫ್ರೂಟ್ಸ್ ನೋಂದಣಿಯಲ್ಲಿರಬೇಕು. ಪಹಣಿ ಇನ್ನೂ ತಾತನ ಹೆಸರಿನಲ್ಲಿಯೇ ಇರುವ ಮನೆಗಳು ನಮ್ಮಲ್ಲಿ ಕಡಮೆಯಿಲ್ಲ. ಅಂಥ ಮನೆಯ ಮಗು ರೈತನ ಮಗುವೇ ಆದರೂ ಕಂಪ್ಯೂಟರಿನ ಕಣ್ಣಿಗೆ ರೈತನ ಮಗುವಲ್ಲ. ಖಾತೆ ಬದಲಾವಣೆಗೂ ಮಗುವಿನ ಓದಿಗೂ ಹೀಗೆ ನಂಟು ಬೀಳುತ್ತದೆ. ಪ್ರತಿ ಯೋಜನೆಯ ಮೊತ್ತ, ಆದಾಯದ ಮಿತಿ, ಕಡೆಯ ದಿನ ಇವು ವರ್ಷವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ನೋಡಿರಿ.

ನಾವು ಕಂಡಂತೆ ಹೆಚ್ಚು ಅರ್ಜಿಗಳು ತಿರಸ್ಕಾರವಾಗುವುದಿಲ್ಲ, ಸಿಕ್ಕಿಕೊಳ್ಳುತ್ತವೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನಿಷಿಯಲ್ ಸೇರಿದ ಇನ್ನೊಂದು ಹೆಸರು. ಬ್ಯಾಂಕ್ ಖಾತೆ ತಾಯಿಯದು, ಅರ್ಜಿ ಮಗಳದು. ಜಾತಿ ಆದಾಯ ಪತ್ರದ ಅವಧಿ ಮುಗಿದಿದೆ. ಇಷ್ಟೇ ಸಾಕು. ಹಾಗಾಗಿ ಪ್ರವೇಶದ ಗಡಿಬಿಡಿಗೆ ಮೊದಲೇ ನಾಡಕಚೇರಿಗೆ ಹೋಗಿ ಜಾತಿ, ಆದಾಯ ಪತ್ರ ಮಾಡಿಸಿರಿ. ವಿದ್ಯಾರ್ಥಿಯ ಹೆಸರಿನಲ್ಲಿಯೇ ಖಾತೆ ತೆರೆದು ಆಧಾರ್ ಜೋಡಿಸಿರಿ. ಎಲ್ಲದರಲ್ಲಿಯೂ ಹೆಸರಿನ ಅಕ್ಷರ ಒಂದೇ ಇದೆಯೇ ನೋಡಿರಿ. ಪ್ರತಿ ಕಾಗದದ ಐದೈದು ಪ್ರತಿ ಒಂದು ಫೈಲಿನಲ್ಲಿರಲಿ.

ಓದುವ ರೀತಿ

ಇನ್ನು ಓದಿನ ಮಾತು. ಪಿ.ಯು.ಸಿ.ಯಲ್ಲಿ ವರ್ಷದ ಕೊನೆಗೆ ಒಂದು ದೊಡ್ಡ ಪರೀಕ್ಷೆ. ಇಲ್ಲಿ ವರ್ಷಕ್ಕೆ ಎರಡು ಸೆಮಿಸ್ಟರ್. ನಡುವೆ ಕಿರುಪರೀಕ್ಷೆ, ಮನೆಗೆಲಸದ ಬರಹ ಇವುಗಳಿಗೆ ಆಂತರಿಕ ಅಂಕ. ಗೌರಿಗಣೇಶ ಕಳೆದು ಆಯುಧಪೂಜೆ ಮುಗಿಯುವುದರೊಳಗೆ ಅರ್ಧ ಸೆಮಿಸ್ಟರ್ ಸರಿದುಹೋಗಿರುತ್ತದೆ. ನೂರಕ್ಕೆ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸದಿರಬಹುದು. ಸುಗ್ಗಿಗೆಂದು, ಊರಹಬ್ಬಕ್ಕೆಂದು ಮಗನನ್ನು ವಾರಗಟ್ಟಲೆ ಕರೆಸಿಕೊಳ್ಳುವ ತಂದೆಯರು ಇದನ್ನು ಗಮನಿಸಬೇಕು. ಉಳಿದುಹೋದ ವಿಷಯಕ್ಕೆ ಮತ್ತೆ ಶುಲ್ಕ ಕಟ್ಟಿ ಬರೆಯಬಹುದು, ನಿಜ; ಆದರೆ ಒಂದು ವಿಷಯ ಉಳಿದು ಪದವಿ ಒಂದು ವರ್ಷ ತಡವಾದರೆ, ಆ ವರ್ಷದ ಬಾಡಿಗೆ, ಊಟ, ಕೈತಪ್ಪಿದ ಸಂಬಳ ಎಲ್ಲವೂ ಆ ಒಂದು ವಿಷಯದ ಬೆಲೆಯೇ.

ಹೆಚ್ಚಿನ ಮಕ್ಕಳು ಎಡವುವುದು ಭಾಷೆಯಲ್ಲಿ. ಕನ್ನಡ ಮಾಧ್ಯಮದಿಂದ ಬಂದ ಜಾಣ ಹುಡುಗಿ ಮೊದಲ ತಿಂಗಳ ಇಂಗ್ಲಿಷ್ ಪಾಠ ಕೇಳಿ ತಾನು ದಡ್ಡಿಯೆಂದು ತೀರ್ಮಾನಿಸಿಬಿಡುತ್ತಾಳೆ. ದಡ್ಡತನಕ್ಕೂ ಅದಕ್ಕೂ ಸಂಬಂಧವಿಲ್ಲ. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರು ಮಾನಸಗಂಗೋತ್ರಿಯನ್ನು ಕಟ್ಟಿದ್ದಲ್ಲದೆ, ಕನ್ನಡದಲ್ಲಿಯೇ ಉನ್ನತ ಶಿಕ್ಷಣ ಸಾಧ್ಯವೆಂದು ಪಟ್ಟುಹಿಡಿದರು. ಯಾವ ವಿಷಯಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆಯೆಂದು ಮೊದಲ ದಿನವೇ ಕೇಳಿರಿ. ಇದ್ದರೆ ನಾಚದೆ ಬರೆಯಿರಿ. ಜೊತೆಗೆ ಇಂಗ್ಲಿಷನ್ನೂ ದಿನಕ್ಕೆ ಒಂದು ಗಂಟೆ ಕಲಿಯಿರಿ, ಆದರೆ ಕಲಿಯುವ ಭಾಷೆಯಾಗಿ, ಹೆದರಿಸುವ ದೇವರಾಗಿ ಅಲ್ಲ.

ಇನ್ನೊಂದು ಕಹಿ ಸತ್ಯ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿವೆ. ಅವರ ನೇಮಕ ತಡವಾದರೆ ಪಾಠವೂ ತಡ. ಅವರಲ್ಲಿ ಬಹಳ ಮಂದಿ ನಿಮ್ಮಂತೆಯೇ ಹಳ್ಳಿಯಿಂದ ಬಂದು, ದೊಡ್ಡ ಪದವಿ ಪಡೆದು, ಭದ್ರತೆಯಿಲ್ಲದೆ ದುಡಿಯುತ್ತಿರುವವರು. ಅವರನ್ನು ಹೀನಾಯವಾಗಿ ಕಾಣದೆ, ಖಾಲಿ ಹುದ್ದೆ ತುಂಬಿರೆಂದು ಕೇಳಬೇಕಾದವರನ್ನು ಕೇಳಿರಿ. ಪಾಠವಿಲ್ಲದ ಗಂಟೆಯಲ್ಲಿ ಗ್ರಂಥಾಲಯ ತೆರೆದಿರುತ್ತದೆ. ಅದಕ್ಕೂ ನೀವು ಶುಲ್ಕ ಕಟ್ಟಿದ್ದೀರಿ.

ಹೆಣ್ಣುಮಕ್ಕಳ ವಿಷಯ

ತಾಯಂದಿರೇ, ಈ ಮಾತು ನಿಮಗೆ. ಮನೆಯಲ್ಲಿ ಇಬ್ಬರಿದ್ದು ಒಬ್ಬರಿಗೇ ಹಣವಿದ್ದರೆ ಮಗನಿಗೆ ಕಾಲೇಜು, ಮಗಳಿಗೆ ಗಂಡು ಹುಡುಕುವುದು ಎಂಬುದು ಇನ್ನೂ ನಡೆದಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾಯಿತು. ಲೆಕ್ಕದಲ್ಲಿ ದೊಡ್ಡದೊಂದು ಬಾಬು ಅಳಿಸಿಹೋಯಿತು. ತಾಲ್ಲೂಕಿನ ಸರ್ಕಾರಿ ಕಾಲೇಜಿಗೆ ಹೋಗಿಬರುವ ಮಗಳ ಓದಿಗೆ ಅಷ್ಟು ಹಣ ಬೇಕಾಗುವುದಿಲ್ಲ. ಬೇಕಾಗಿರುವುದು ಹೊತ್ತಿಗೆ ಸರಿಯಾದ ಬಸ್ಸು ಮತ್ತು ಮನೆಯವರ ಮನಸ್ಸು. ಬಸ್ಸನ್ನು ಡಿಪೋದವರಿಂದ ಕೇಳೋಣ. ಮನಸ್ಸನ್ನು ನೀವೇ ಮಾಡಬೇಕು. ಮದುವೆಗೆ ಮಾಡುವ ಸಾಲದ ಹತ್ತರಲ್ಲೊಂದು ಪಾಲಿಗೆ ಪದವಿ ಮುಗಿಯುತ್ತದೆಂಬುದನ್ನು ಯಾವ ತಾಯಿ ಬೇಕಾದರೂ ಬೆರಳೆಣಿಸಿ ನೋಡಬಹುದು.

ಮುಂದೇನು?

ಇಷ್ಟು ಕೇಳಿ ಮನೆಗೆ ಹೋಗಿ ಸುಮ್ಮನಾದರೆ ಪ್ರಯೋಜನವಿಲ್ಲ. ಪ್ರತಿ ಊರಿನಲ್ಲಿ ಈಗಾಗಲೇ ಕಾಲೇಜು ಓದುತ್ತಿರುವ ಇಬ್ಬರು ಮೂವರು ಇದ್ದೇ ಇರುತ್ತಾರೆ. ಅವರು ಹೊಸಬರ ಅರ್ಜಿಗಳನ್ನು ಕೂತು ತುಂಬಿಸಿಕೊಡಲಿ. ಸೈಬರ್ ಅಂಗಡಿಯವನು ತಪ್ಪಾಗಿ ಒತ್ತಿದ ಒಂದು ಅಕ್ಷರಕ್ಕೆ ಒಂದು ವರ್ಷದ ನೆರವು ಹೋಗುವುದು ನಿಲ್ಲಲಿ. ಸಿಕ್ಕಿಕೊಂಡ ಅರ್ಜಿಗಳ ಪಟ್ಟಿ ಮಾಡಿ ಒಟ್ಟಾಗಿ ತಾಲ್ಲೂಕು ಕಚೇರಿಗೆ ಹೋಗೋಣ. ಒಬ್ಬನೇ ಹೋದರೆ "ನಾಳೆ ಬಾ" ಎನ್ನುವ ಕಚೇರಿ, ಇಪ್ಪತ್ತು ಮಂದಿ ಪಟ್ಟಿ ಹಿಡಿದು ಹೋದರೆ ಕುರ್ಚಿ ತೋರಿಸುತ್ತದೆ.

ವಿದ್ಯಾರ್ಥಿನಿಲಯಗಳು ಹೆಚ್ಚಬೇಕು, ವಿದ್ಯಾರ್ಥಿವೇತನ ವರ್ಷ ಮುಗಿದ ಮೇಲಲ್ಲ, ಶುಲ್ಕ ಕಟ್ಟುವ ಕಾಲಕ್ಕೆ ಬರಬೇಕು, ಕಾಲೇಜುಗಳಲ್ಲಿ ಕಾಯಂ ಅಧ್ಯಾಪಕರಿರಬೇಕು, ಕಬ್ಬಿನ ಹಣ ಹದಿನಾಲ್ಕು ದಿನಕ್ಕೆ ಕೈಸೇರಬೇಕು. ಇವೆಲ್ಲ ಬೇರೆ ಬೇರೆ ಬೇಡಿಕೆಗಳಂತೆ ಕಂಡರೂ ಒಂದೇ ಮನೆಯ ಲೆಕ್ಕದ ಪುಸ್ತಕದಲ್ಲಿ ಒಂದರ ಕೆಳಗೊಂದು ಬರೆದಿರುವ ಸಾಲುಗಳು. ಅವು ಈಡೇರುವ ತನಕ ಯಾರೂ ಓದು ಬಿಟ್ಟು ಕಾಯಬೇಕಾಗಿಲ್ಲ. ಓದುತ್ತಲೇ ಕೇಳಿರಿ, ಕೇಳುತ್ತಲೇ ಓದಿರಿ.

ಆದಾಯ ಪತ್ರ ಮಾಡಿಸದವರು ನಾಳೆಯೇ ನಾಡಕಚೇರಿಗೆ ಹೋಗಿರಿ.